ತೊಂಬತ್ತರ ದಶಕದ ದಾವಣಗೆರೆ: ಹಾಡು ಮತ್ತು ಸುದ್ದಿ ಊರಿಗೆ ಬರುತ್ತಿದ್ದ ದಾರಿ

ಈಗ ಮೊಬೈಲ್ ತೆಗೆದರೆ ಸಾಕು, ತೊಂಬತ್ತರ ದಶಕದ ಹಾಡಿನ ತುಣುಕು ಒಂದಾದರೂ ಕಣ್ಣಿಗೆ ಬೀಳುತ್ತದೆ. ಹಂಸಲೇಖ ಅವರ ಒಂದು ಪಲ್ಲವಿ, ಹಳೇ ಕ್ಯಾಸೆಟ್‌ನ ಫೋಟೊ, ಕೆಳಗೆ 'ಆ ಕಾಲವೇ ಚೆನ್ನಾಗಿತ್ತು' ಅನ್ನೋ ಮಾತು. ನನಗೂ ಆ ಹಾಡುಗಳೆಂದರೆ ಪ್ರಾಣ. ಆದರೆ ಹಾಡು ಎಲ್ಲಿಗೂ ಹೋಗಿಲ್ಲ, ಅಲ್ವಾ? ಆಗ ಊರೆಲ್ಲ ಹುಡುಕಿದರೂ ಸಿಗದಿದ್ದ ಹಾಡು ಈಗ ಅರ್ಧ ನಿಮಿಷದಲ್ಲಿ ಸಿಗುತ್ತದೆ. ಧ್ವನಿಯೂ ಆಗಿನದಕ್ಕಿಂತ ಚೆನ್ನಾಗಿದೆ. ಹಾಗಾದರೆ ಕಳೆದುಕೊಂಡೆವು ಅಂತ ಅನ್ನಿಸುತ್ತಿರುವುದು ಏನನ್ನು?

ನನಗೆ ಅನ್ನಿಸುವುದು ಇಷ್ಟು. ಆ ಹತ್ತು ವರ್ಷ ದಾವಣಗೆರೆಯಂಥ ಊರಿಗೆ ಹಾಡೂ ಸುದ್ದಿಯೂ ಕೆಲವೇ ಕೆಲವು ಬಾಗಿಲುಗಳಿಂದ ಬರುತ್ತಿದ್ದವು, ಬಂದಾಗ ಇಡೀ ಬೀದಿಗೆ ಒಟ್ಟಿಗೆ ಕೇಳಿಸುತ್ತಿದ್ದವು. ಪಕ್ಕದ ಮನೆಯವರು ಏನು ಕೇಳುತ್ತಿದ್ದಾರೆ ಅಂತ ನಮಗೆ ಗೊತ್ತಿರುತ್ತಿತ್ತು. ಇದು ತಾನಾಗಿ ಆದದ್ದಲ್ಲ. ಆಮದು ನೀತಿ, ಕಾಪಿರೈಟ್ ಕಾನೂನಿನ ಒಂದು ಕಲಮು, ಚಿತ್ರದುರ್ಗದ ಒಂದು ರೇಡಿಯೊ ಸ್ಟೇಷನ್, ಬೆಂಗಳೂರಿನ ಒಂದೆರಡು ಕ್ಯಾಸೆಟ್ ಕಂಪನಿಗಳು ಸೇರಿ ಅದನ್ನು ಕಟ್ಟಿದವು. ಆಮೇಲೆ ಅದು ಹೇಗೆ ಬಿಚ್ಚಿಕೊಂಡಿತು ಅನ್ನುವುದಕ್ಕೂ ಕಾರಣಗಳಿವೆ.

ಆನಗೋಡಿನ ಸುದ್ದಿ

ನಮ್ಮೂರಿನ ಮಟ್ಟಿಗೆ ತೊಂಬತ್ತರ ದಶಕ ಶುರುವಾಗಿದ್ದು ಒಂದು ಕೆಟ್ಟ ಸುದ್ದಿಯಿಂದ. 1990ರ ಸೆಪ್ಟೆಂಬರ್ 30, ಭಾನುವಾರ. ದಾವಣಗೆರೆ ಹತ್ತಿರದ ಆನಗೋಡು ಬಳಿ ಹೆದ್ದಾರಿಯಲ್ಲಿ ಕಾರು ಅಪಘಾತವಾಗಿ ಶಂಕರ್ ನಾಗ್ ತೀರಿಕೊಂಡರು. ಶೂಟಿಂಗಿಗೆ ಹೊರಟಿದ್ದರು. ವಯಸ್ಸು ಬರೀ 35.

ಪೇಪರಿನಲ್ಲಿ ಓದಬೇಕೆಂದರೆ ಸೋಮವಾರ ಬೆಳಗಿನವರೆಗೆ ಕಾಯಬೇಕು. ಊರಿಗೆ ಸುದ್ದಿ ಬಂದದ್ದು ಬಾಯಿಂದ ಬಾಯಿಗೆ. ಆ ದಾರಿಯಲ್ಲಿ ಬಂದ ಲಾರಿಯವರು, ಬಸ್ಸಿನವರು ಹೇಳಿದ್ದನ್ನು ಯಾರೂ ಮೊದಲು ನಂಬಲಿಲ್ಲ ಅಂತ ಊರಿನ ಹಿರಿಯರು ಈಗಲೂ ನೆನೆಯುತ್ತಾರೆ. 'ರೇಡಿಯೊದಲ್ಲಿ ಬಂತಾ?' ಅಂತ ಕೇಳುತ್ತಿದ್ದರಂತೆ. ಆಗ ಸುದ್ದಿ ನಿಜವೋ ಸುಳ್ಳೋ ಅಂತ ತಿಳಿಯಲು ಇದ್ದ ದಾರಿ ಅದೊಂದೇ. ಆಕಾಶವಾಣಿ ಹೇಳಿದರೆ ಮುಗಿಯಿತು.

ಶಂಕರ್ ನಾಗ್ ಹೆಸರನ್ನು ಇಲ್ಲಿ ತರುವುದಕ್ಕೆ ಇನ್ನೊಂದು ಕಾರಣವಿದೆ. ಕನ್ನಡ ಸಿನಿಮಾದ ಹಾಡು, ಮಾತು, ಹಿನ್ನೆಲೆ ಸಂಗೀತ ಎಲ್ಲದಕ್ಕೂ ಮದ್ರಾಸಿಗೆ ಓಡಬೇಕಾಗಿದ್ದ ಕಾಲದಲ್ಲಿ ಅವರು ಬೆಂಗಳೂರಿನಲ್ಲೇ ಸಂಕೇತ್ ಸ್ಟುಡಿಯೊ ಕಟ್ಟಿದ್ದರು. ಮುಂದಿನ ಹತ್ತು ವರ್ಷ ಕನ್ನಡದ ಹಾಡು ಬೆಂಗಳೂರಿನಲ್ಲಿ ಬೇರೂರಿತಲ್ಲ, ಅದಕ್ಕೆ ಅಡಿಪಾಯ ಹಾಕಿದವರಲ್ಲಿ ಅವರೂ ಒಬ್ಬರು. ನಮ್ಮ ಆಟೊದವರು ಇವತ್ತಿಗೂ ಗಾಡಿಯ ಹಿಂದೆ ಅವರ ಚಿತ್ರ ಹಾಕಿಸುತ್ತಾರೆ. ಅವರು ಹೋದಾಗ ಹುಟ್ಟೇ ಇರದ ಹುಡುಗರೂ ಹಾಕಿಸುತ್ತಾರೆ.

ಆ ದುಃಖ ಇಳಿಯುವ ಮೊದಲೇ, ಅಕ್ಟೋಬರ್‌ನಲ್ಲಿ, ದಾವಣಗೆರೆ ಹೊತ್ತಿ ಉರಿಯಿತು. ಅಯೋಧ್ಯೆಯ ರಾಮಮಂದಿರ ಚಳವಳಿಯ ರಾಮಜ್ಯೋತಿ ಮೆರವಣಿಗೆಗಳ ಸಮಯದಲ್ಲಿ ರಾಜ್ಯದ ಹಲವು ಊರುಗಳಲ್ಲಿ ಕೋಮುಗಲಭೆ ಆಯಿತು, ಅದರಲ್ಲಿ ನಮ್ಮೂರಿನ ಹೆಸರೂ ಇತ್ತು. ಜನ ಸತ್ತರು, ಅಂಗಡಿ-ಮನೆ ಸುಟ್ಟವು, ಕರ್ಫ್ಯೂ ಹಾಕಿದರು. ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ಕುರ್ಚಿ ಬಿಡಬೇಕಾಯಿತು, ಅಕ್ಟೋಬರ್ 17ಕ್ಕೆ ಬಂಗಾರಪ್ಪ ಬಂದರು. ತೊಂಬತ್ತರ ದಶಕವನ್ನು ಬರೀ ಹಾಡಿನ ದಶಕ ಅಂತ ನೆನೆಯುವವರು ಈ ಅಕ್ಟೋಬರನ್ನು ಬಿಟ್ಟು ನೆನೆಯುತ್ತಾರೆ. ನಾನು ಬಿಡಲಾರೆ. ಹಾಡನ್ನು ಬೀದಿಯಿಂದ ಬೀದಿಗೆ ಒಯ್ದ ಬಾಯಿಗಳೇ ಗಾಳಿಸುದ್ದಿಯನ್ನೂ ಒಯ್ದವು. ಎಲ್ಲರೂ ಒಟ್ಟಿಗೆ ಕೇಳುವ ಊರಿನಲ್ಲಿ ಎಲ್ಲರೂ ಒಟ್ಟಿಗೆ ಹೆದರುವುದೂ ಸುಲಭ.

ಕ್ಯಾಸೆಟ್ ಹೇಗೆ ಬಂತು

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಕ್ಯಾಸೆಟ್ ಅನ್ನುವುದನ್ನು ಫಿಲಿಪ್ಸ್ ಕಂಪನಿ 1963ರಲ್ಲೇ ಹೊರತಂದಿತ್ತು. ಆದರೆ ನಮ್ಮ ಕಡೆ ಎಂಬತ್ತರ ದಶಕದವರೆಗೂ ಹಾಡು ಅಂದರೆ ಪ್ಲೇಟು (ಗ್ರಾಮಫೋನ್ ರೆಕಾರ್ಡು), ಪ್ಲೇಟು ಅಂದರೆ ಎಚ್‌ಎಂವಿ. ಪ್ಲೇಟು ಹಾಕುವ ಯಂತ್ರ ಇದ್ದದ್ದು ಶ್ರೀಮಂತರ ಮನೆಯಲ್ಲಿ, ಇಲ್ಲವೇ ಮದುವೆಗೆ ಬರುವ ಮೈಕ್ ಸೆಟ್‌ನವರ ಹತ್ತಿರ. ಉಳಿದವರಿಗೆ ರೇಡಿಯೊ ಹಾಕಿದ್ದೇ ಹಾಡು.

ಎಂಬತ್ತರ ದಶಕದ ಆರಂಭದಲ್ಲಿ ಆಮದು ನಿಯಮ ಸಡಿಲವಾಯಿತು. ಟೇಪ್ ರೆಕಾರ್ಡರ್ ಅಗ್ಗವಾಯಿತು. ಕೊಲ್ಲಿ ದೇಶಕ್ಕೆ ಹೋದವರು ರಜೆಗೆ ಬರುವಾಗ ರೇಡಿಯೊ, ಟೇಪ್ ಎರಡೂ ಇರುವ ಟು-ಇನ್-ಒನ್ ತರುತ್ತಿದ್ದರು. ಅದಕ್ಕಿಂತ ದೊಡ್ಡ ಬದಲಾವಣೆ ಎಂದರೆ ಕ್ಯಾಸೆಟ್ ಮಾಡುವುದಕ್ಕೆ ಪ್ಲೇಟಿನ ಹಾಗೆ ದೊಡ್ಡ ಕಾರ್ಖಾನೆ ಬೇಡ. ಒಂದು ಶೆಡ್ಡು, ಕಾಪಿ ಮಾಡುವ ಯಂತ್ರ, ಖಾಲಿ ಟೇಪು ಇದ್ದರೆ ಸಾಕು. ದೆಹಲಿಯಲ್ಲಿ ಹಣ್ಣಿನ ರಸದ ಅಂಗಡಿ ನಡೆಸುತ್ತಿದ್ದ ಕುಟುಂಬದ ಗುಲ್ಶನ್ ಕುಮಾರ್ 1983ರಲ್ಲಿ ಟಿ-ಸೀರೀಸ್ ಶುರು ಮಾಡಿದ್ದು ಈ ಹೊತ್ತಿನಲ್ಲೇ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಒಂದು ಕಲಮು ಇತ್ತು. ಒಂದು ಹಾಡು ಬಂದು ಎರಡು ವರ್ಷ ಕಳೆದ ಮೇಲೆ, ರಾಯಲ್ಟಿ ಕಟ್ಟಿ, ಬೇರೆ ಗಾಯಕರಿಂದ ಅದನ್ನೇ ಹಾಡಿಸಿ ಮಾರಬಹುದಿತ್ತು. ಆ ಸಂದಿಯಲ್ಲಿ ನುಗ್ಗಿ ಟಿ-ಸೀರೀಸ್ ಹಳೇ ಹಿಂದಿ ಹಾಡುಗಳನ್ನು ಹೊಸ ಧ್ವನಿಯಲ್ಲಿ ಅಗ್ಗಕ್ಕೆ ಮಾರಿತು. ಮೂಲ ಗಾಯಕರಿಗೆ ಇದು ನ್ಯಾಯ ಅಂತ ನಾನು ಹೇಳುವುದಿಲ್ಲ. ಆದರೆ ಅಂಗಡಿಯಲ್ಲಿ ಕ್ಯಾಸೆಟ್ ಬೆಲೆ ಇಳಿದದ್ದು ಹೀಗೆ. ಕೂಲಿ ಮಾಡುವವರ ಮನೆಗೂ ಟೇಪು ಬಂದದ್ದು ಹೀಗೆ.

ಕನ್ನಡಕ್ಕೆ ಇದರಿಂದ ಆದ ಲಾಭ ದೊಡ್ಡದು. ಬೆಂಗಳೂರಿನಲ್ಲಿ ಲಹರಿ, ಸಂಗೀತಾ ಥರದ ಕಂಪನಿಗಳು ಬೆಳೆದವು. ಭಾವಗೀತೆ, ವಚನ, ಜನಪದ, ದೇವರನಾಮ, ಎಲ್ಲಕ್ಕೂ ಕ್ಯಾಸೆಟ್ ಬಂತು. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರ ಧ್ವನಿ ಕಛೇರಿಯಿಂದ ಇಳಿದು ಅಡುಗೆಮನೆಗೆ ಬಂತು. ಬೆಳಗ್ಗೆ ಆರು ಗಂಟೆಗೆ ನಮ್ಮ ಬೀದಿಯಲ್ಲಿ ಯಾರದಾದರೂ ಮನೆಯಿಂದ ವಚನ ಕೇಳಿಸಲೇಬೇಕು.

1987ರಲ್ಲಿ 'ಪ್ರೇಮಲೋಕ' ಬಂತು. ರವಿಚಂದ್ರನ್ ಸಿನಿಮಾ, ಹಂಸಲೇಖ ಹಾಡು, ಲಹರಿ ಕ್ಯಾಸೆಟ್. ಅದು ಮಾರಾಟವಾದ ಪರಿ ನೋಡಿ ಕನ್ನಡದ ನಿರ್ಮಾಪಕರ ಲೆಕ್ಕವೇ ಬದಲಾಯಿತು. ಅಲ್ಲಿಯವರೆಗೆ ಹಾಡು ಸಿನಿಮಾದ ಜೊತೆಗಿರುವ ಒಂದು ಅಂಗ. ಆಮೇಲೆ ಹಾಡೇ ಮುಂದೆ ಬಂತು. ಆಡಿಯೊ ಹಕ್ಕು ಮಾರಿದರೆ ಸಿನಿಮಾ ಮುಗಿಯುವ ಮೊದಲೇ ಕೈಗೆ ದುಡ್ಡು. ಕ್ಯಾಸೆಟ್ ಮೊದಲು ಊರಿಗೆ ಬರುತ್ತಿತ್ತು, ಸಿನಿಮಾ ಆಮೇಲೆ. ಪೋಸ್ಟರ್ ಅಂಟಿಸುವ ಹೊತ್ತಿಗೆ ಹುಡುಗರಿಗೆ ಹಾಡೆಲ್ಲ ಬಾಯಿಪಾಠ. ಟಾಕೀಸಿನ ಎದುರು ತೆಳು ಕಾಗದದ ಹಾಡಿನ ಪುಸ್ತಕ ಮಾರುವವರಿದ್ದರು. ಅದರಲ್ಲಿ ಅಚ್ಚಿನ ತಪ್ಪು ಎಷ್ಟಿದ್ದರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ತೊಂಬತ್ತರ ದಶಕ ಹಂಸಲೇಖ ಅವರದ್ದು ಅಂತ ಜನ ಹೇಳುವುದರಲ್ಲಿ ಉತ್ಪ್ರೇಕ್ಷೆ ಇಲ್ಲ. ಅದೇ ಹೊತ್ತಿಗೆ ಹಿಂದಿನ ತಲೆಮಾರು ಒಬ್ಬೊಬ್ಬರಾಗಿ ಹೊರಟಿತ್ತು. ಎಂ. ರಂಗರಾವ್ 1990ರಲ್ಲಿ ಹೋದರು. ಜಿ.ಕೆ. ವೆಂಕಟೇಶ್ ಮತ್ತು ಚಿ. ಉದಯಶಂಕರ್ ಇಬ್ಬರೂ 1993ರಲ್ಲಿ. ಉದಯಶಂಕರ್ ಬರೆದ ಸಾಲುಗಳಲ್ಲಿ ಬೆಳೆದವರಿಗೆ ಹಂಸಲೇಖ ಮೊದಲು ಒರಟು ಅನ್ನಿಸಿದ್ದೂ ನಿಜ. ಸಾಹಿತ್ಯವೂ ಅವರದೇ, ರಾಗವೂ ಅವರದೇ. ಬೀದಿಯಲ್ಲಿ ಆಡುವ ಮಾತನ್ನೇ ಎತ್ತಿ ಪಲ್ಲವಿ ಮಾಡುತ್ತಿದ್ದರು, ಅದಕ್ಕೆ ಕೀಬೋರ್ಡ್ ಮತ್ತು ಡ್ರಮ್ಸ್‌ನ ಹೊಸ ಸದ್ದು. ಸಣ್ಣ ಸ್ಪೀಕರಿನಲ್ಲೂ ಆ ತಾಳ ಎದ್ದು ಕೇಳುತ್ತಿತ್ತು. 1991ರ 'ರಾಮಾಚಾರಿ', 1992ರ 'ಚೈತ್ರದ ಪ್ರೇಮಾಂಜಲಿ', 1995ರ 'ಓಂ', ಹೀಗೆ ಒಂದಾದ ಮೇಲೊಂದು. 1993ರ 'ಆಕಸ್ಮಿಕ'ದಲ್ಲಿ ರಾಜ್‌ಕುಮಾರ್ ಹಾಡಿದ 'ಹುಟ್ಟಿದರೆ ಕನ್ನಡ ನಾಡಲ್ಲಿ ಹುಟ್ಟಬೇಕು' ಅಂತೂ ಸಿನಿಮಾದಿಂದ ಹೊರಗೆ ಬಂದು ನವೆಂಬರ್ ತಿಂಗಳ ಹಾಡೇ ಆಗಿಹೋಯಿತು. ಕನ್ನಡ ಬಾವುಟ ಕಟ್ಟಿದ ಯಾವ ಆಟೊ ನಿಲ್ದಾಣದಲ್ಲೂ ಅದಿಲ್ಲದೆ ರಾಜ್ಯೋತ್ಸವ ಇಲ್ಲ. ಹಾಗಂತ ಅವರು ತಾಳಕ್ಕೆ ಮಾತ್ರ ಸೀಮಿತ ಅಂದುಕೊಂಡವರಿಗೆ ಉತ್ತರವಾಗಿ 1995ರಲ್ಲಿ ಗದುಗಿನ ಪಂಚಾಕ್ಷರಿ ಗವಾಯಿಗಳ ಬದುಕಿನ ಸಿನಿಮಾ ಬಂತು. ಅದಕ್ಕೆ ಹಂಸಲೇಖ ಅವರಿಗೂ, ಹಾಡಿದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಸಿಕ್ಕಿತು.

ಮರುವರ್ಷ 'ಜನುಮದ ಜೋಡಿ'ಯಲ್ಲಿ ವಿ. ಮನೋಹರ್ ಬೇರೆಯದೇ ದಾರಿ ಹಿಡಿದರು. ಕಂಸಾಳೆಯ ಮಣ್ಣಿನ ಹಾಡು, ಎಲ್.ಎನ್. ಶಾಸ್ತ್ರಿ ಅವರ ತೆರೆದ ಗಂಟಲು. ನಮ್ಮ ಕಡೆ ಕಂಸಾಳೆ ಇಲ್ಲ, ಅದು ಮಲೆ ಮಹದೇಶ್ವರನ ಸೀಮೆಯದು. ಆದರೂ ಹಾಡು ನಮ್ಮದೇ ಅನ್ನೋ ಹಾಗೆ ಜಗಳೂರಿನ ಪ್ರೈವೇಟ್ ಬಸ್ಸಿನಲ್ಲೂ ಕೇಳಿಸಿತು.

ಪ್ರೈವೇಟ್ ಬಸ್ಸಿನ ವಿಷಯ ಹೇಳಲೇಬೇಕು. ದಾವಣಗೆರೆ, ಚಿತ್ರದುರ್ಗ ಸೀಮೆಯಲ್ಲಿ ಪ್ರೈವೇಟ್ ಬಸ್ಸು ಜಾಸ್ತಿ. ಸರ್ಕಾರಿ ಬಸ್ಸಿನಲ್ಲಿ ಟೇಪ್ ಇಲ್ಲ, ಪ್ರೈವೇಟಿನಲ್ಲಿ ಇದೆ. ಎರಡೂ ಒಟ್ಟಿಗೆ ನಿಂತಿದ್ದರೆ ಕಾಲೇಜು ಹುಡುಗರು ಹಾಡು ಕೇಳಿ ಹತ್ತುತ್ತಿದ್ದರು. ಡ್ರೈವರಿನ ತಲೆಯ ಮೇಲೆ ಕ್ಯಾಸೆಟ್ ಜೋಡಿಸಿದ ಪೆಟ್ಟಿಗೆ ಇರುತ್ತಿತ್ತು. ಹೊಸ ಕ್ಯಾಸೆಟ್ ಬಂದ ವಾರ ಹಳ್ಳಿ ಹಳ್ಳಿಗೆ ಅದನ್ನು ಮುಟ್ಟಿಸುತ್ತಿದ್ದದ್ದು ಈ ಬಸ್ಸುಗಳು. ಯಾವ ಜಾಹೀರಾತಿಗೂ ಅಷ್ಟು ಬಲ ಇರಲಿಲ್ಲ.

ಹಾಡು ತುಂಬಿಸುವ ಅಂಗಡಿ

ಹೊಸ ಕ್ಯಾಸೆಟ್ ಕೊಳ್ಳುವಷ್ಟು ದುಡ್ಡಿಲ್ಲದವರಿಗೆ, ಅಥವಾ ಬೇರೆ ಬೇರೆ ಸಿನಿಮಾದ ಹಾಡು ಒಂದೇ ಕಡೆ ಬೇಕಾದವರಿಗೆ, ರೆಕಾರ್ಡಿಂಗ್ ಸೆಂಟರ್ ಇತ್ತು. ಹಳೇ ಬಸ್ ಸ್ಟ್ಯಾಂಡ್ ಸುತ್ತ, ಅಶೋಕ ರಸ್ತೆಯ ಕಡೆ ಇಂಥ ಪುಟ್ಟ ಅಂಗಡಿಗಳು. ಒಬ್ಬರು ಕೂತರೆ ಇನ್ನೊಬ್ಬರು ಹೊರಗೆ ನಿಲ್ಲಬೇಕು, ಅಷ್ಟೇ ಜಾಗ. ಕಾನೂನಿನ ಪ್ರಕಾರ ಅದು ಸರಿಯಾದ ವ್ಯಾಪಾರ ಅಲ್ಲ, ಹಾಡಿನ ಹಕ್ಕು ಇದ್ದವರಿಗೆ ಅದರಿಂದ ಪೈಸೆ ಹೋಗುತ್ತಿರಲಿಲ್ಲ. ಆದರೂ ಊರಿನ ಹಾಡಿನ ರುಚಿ ಬೆಳೆದದ್ದು ಅಲ್ಲಿ.

ದಪ್ಪ ನೋಟ್‌ಬುಕ್ಕಿನಲ್ಲಿ ಹಾಡಿನ ಪಟ್ಟಿ. ಅದರಲ್ಲಿ ನೋಡಿ ನಂಬರು ಬರೆದುಕೊಡಬೇಕು. ಅರವತ್ತರ ಕ್ಯಾಸೆಟ್ಟಾದರೆ ಒಂದು ಬದಿಗೆ ಅರ್ಧ ಗಂಟೆ, ಆರು ಹಾಡು, ಚಿಕ್ಕವಾದರೆ ಏಳು. ತೊಂಬತ್ತರದ್ದಾದರೆ ಮುಕ್ಕಾಲು ಗಂಟೆ. ಹಾಡಿನ ಉದ್ದ ಕೂಡಿಸಿ, ಕೊನೆಯ ಹಾಡು ಅರ್ಧಕ್ಕೆ ಕತ್ತರಿಸಿ ಹೋಗದ ಹಾಗೆ ಹೊಂದಿಸುವುದು ಅಂಗಡಿಯವರ ಕೈಚಳಕ. 'ಈ ದುಃಖದ ಹಾಡಿನ ಮೇಲೆ ಅದು ಬೇಡ ತಮ್ಮಾ, ಹೊಂದಲ್ಲ' ಅಂತ ನಮ್ಮ ಪಟ್ಟಿಯನ್ನೇ ಬದಲಾಯಿಸುವವರೂ ಇದ್ದರು. ಎರಡು ದಿನ ಬಿಟ್ಟು ಬಾ ಅನ್ನುತ್ತಿದ್ದರು. ತುಂಬಿಸಿದ ಮೇಲೆ ಒಳಗಿನ ಕಾರ್ಡಿನಲ್ಲಿ ಕೆಂಪು ಇಂಕಿನಲ್ಲಿ ಎ, ಬಿ ಅಂತ ಬರೆದು ಹಾಡಿನ ಸಾಲು ಬರೆಯುತ್ತಿದ್ದರು. ಆಮೇಲೆ ಕ್ಯಾಸೆಟ್‌ನ ಬೆನ್ನ ಮೇಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲನ್ನು ಸ್ಕ್ರೂಡ್ರೈವರಿನಿಂದ ಮುರಿಯುತ್ತಿದ್ದರು. ಅದನ್ನು ಮುರಿದರೆ ಯಾರೂ ತಪ್ಪಿ ಅದರ ಮೇಲೆ ಬೇರೆ ರೆಕಾರ್ಡ್ ಮಾಡಲಾಗದು. ಮನಸ್ಸು ಬದಲಾದರೆ ಆ ತೂತಿಗೆ ಕಾಗದ ತುರುಕಿ ಅಂಟು ಟೇಪು ಹಚ್ಚಬೇಕು, ಮತ್ತೆ ರೆಕಾರ್ಡ್ ಆಗುತ್ತದೆ. ಇದು ಆಗಿನ ಮಕ್ಕಳಿಗೆಲ್ಲ ಗೊತ್ತಿದ್ದ ವಿದ್ಯೆ.

ಅದೇ ಪಟ್ಟಿಗಳಲ್ಲಿ ದೇಶದ ಬೇರೆ ಕಡೆಯ ಹಾಡೂ ಇರುತ್ತಿತ್ತು. 1992ರಲ್ಲಿ ಬಾಬಾ ಸೆಹಗಲ್, 1994ರಲ್ಲಿ ಎ.ಆರ್. ರೆಹಮಾನ್ ಹಾಡಿಗೆ ಪ್ರಭುದೇವ ಕುಣಿದ 'ಮುಕ್ಕಾಲ ಮುಕಾಬಲ', 1995ರಲ್ಲಿ ಅಲಿಶಾ ಚಿನಾಯ್ ಮತ್ತು ದಲೇರ್ ಮೆಹಂದಿ. ನಮ್ಮೂರಿನ ಮೆಡಿಕಲ್, ಎಂಜಿನಿಯರಿಂಗ್ ಕಾಲೇಜಿಗೆ ಉತ್ತರ ಭಾರತದ ಹುಡುಗರು ಬರುತ್ತಿದ್ದರಲ್ಲ, ಅವರ ಹಾಸ್ಟೆಲಿನಿಂದ ಹಿಂದಿ ಪಾಪ್, ಇಂಗ್ಲಿಷ್ ಹಾಡು ಅಂಗಡಿಗೆ ಬಂದು, ಅಂಗಡಿಯಿಂದ ಊರಿಗೆ ಬರುತ್ತಿತ್ತು. ಗಣಪತಿ ಕೂರಿಸಿದಾಗಿನ ರಸಮಂಜರಿಯಲ್ಲಿ ಇವೆಲ್ಲ ಒಂದೇ ವೇದಿಕೆಯಲ್ಲಿ. ಮೊದಲು ಗಣಪನ ಸ್ತುತಿ, ಆಮೇಲೆ ರಾಜ್‌ಕುಮಾರ್, ಆಮೇಲೆ ರವಿಚಂದ್ರನ್, ರಾತ್ರಿ ಹನ್ನೊಂದಾದ ಮೇಲೆ ಮುಕ್ಕಾಲ.

ರೇಡಿಯೊ, ಪೇಪರು, ಮಿಲ್ಲು

ಸುದ್ದಿಯ ಕಡೆ ಬಂದರೆ, ಬೆಳಗಿನ ಗಡಿಯಾರವೇ ಆಕಾಶವಾಣಿ. ಸಂಸ್ಕೃತ ವಾರ್ತೆ ಶುರುವಾದರೆ ಏಳು ಗಂಟೆ ಆಗುತ್ತಾ ಬಂತು ಅಂತ ಅರ್ಥ. ಆಮೇಲೆ ಪ್ರದೇಶ ಸಮಾಚಾರ. ಬಹಳ ವರ್ಷ ನಮಗೆ ಹತ್ತಿರದ ಸ್ಟೇಷನ್ ಭದ್ರಾವತಿ. 1965ರಲ್ಲಿ ಶುರುವಾದದ್ದು, ಮೀಡಿಯಂ ವೇವ್. ಮಳೆ ಮೋಡ ಬಂದರೆ ಕರಕರ ಸದ್ದು. ತೊಂಬತ್ತರ ದಶಕದ ಆರಂಭದಲ್ಲಿ ಚಿತ್ರದುರ್ಗಕ್ಕೆ ಎಫ್ಎಂ ಸ್ಟೇಷನ್ ಬಂತು, 102.6. ಧ್ವನಿ ಎಷ್ಟು ಸ್ವಚ್ಛ ಎಂದರೆ ಹಾಡುವವರ ಉಸಿರು ಕೇಳಿಸುತ್ತಿತ್ತು. ಒಂದೇ ತೊಂದರೆ, ಮನೆಯ ಹಳೇ ಮರ್ಫಿ, ಬುಷ್ ಸೆಟ್ಟಿನಲ್ಲಿ ಎಫ್ಎಂ ಬ್ಯಾಂಡೇ ಇಲ್ಲ. ಹೊಸ ಸೆಟ್ ಬೇಕು. ಹಾಗಾಗಿ ಎಫ್ಎಂ ಮೊದಲು ಬಂದದ್ದು ಹೋಟೆಲಿಗೆ, ಟೈಲರ್ ಅಂಗಡಿಗೆ, ಕಟಿಂಗ್ ಶಾಪಿಗೆ. ಕೋರಿಕೆಯ ಹಾಡಿಗೆ ಕಾರ್ಡು ಬರೆಯುವುದು ಒಂದು ಹುಚ್ಚು. ಅಪ್ಪ, ಅಮ್ಮ, ಅಕ್ಕ, ಭಾವ, ಎಳೆಮಗು, ಎಲ್ಲರ ಹೆಸರನ್ನೂ ಒಂದೇ ಅಂಚೆ ಕಾರ್ಡಿನಲ್ಲಿ ತುರುಕಿ ಕಳಿಸುತ್ತಿದ್ದರು. ಹಾಡಿಗಿಂತ ಹೆಸರು ಕೇಳುವುದೇ ಮುಖ್ಯ. ನಿಟುವಳ್ಳಿಯಿಂದ ಇಂಥವರು ಅಂದ ಕೂಡಲೇ ಬೀದಿಯವರೆಲ್ಲ ಅವರ ಮನೆ ಕಡೆ ನೋಡುತ್ತಿದ್ದರು.

ಪೇಪರು ಅಂದರೆ ಹೋಟೆಲಿನ ಪೇಪರು. ಒಬ್ಬರು ಒಂದು ಹಾಳೆ, ಇನ್ನೊಬ್ಬರು ಇನ್ನೊಂದು ಹಾಳೆ. ಬೆಣ್ಣೆ ದೋಸೆ ಬರುವಷ್ಟರಲ್ಲಿ ಓದಿ ಮುಗಿಸಿ ಪಕ್ಕದವರಿಗೆ ದಾಟಿಸಬೇಕು. ಪ್ರಜಾವಾಣಿ, ಕನ್ನಡಪ್ರಭ, ಸಂಯುಕ್ತ ಕರ್ನಾಟಕ, ಜೊತೆಗೆ ನಮ್ಮೂರಿನದೇ ಜನತಾವಾಣಿ. ಸಾವಿನ ಸುದ್ದಿ, ಜಾತ್ರೆ, ಅಡಿಕೆ-ಮೆಕ್ಕೆಜೋಳದ ಧಾರಣೆ ಬೇಕೆಂದರೆ ಊರಿನ ಪೇಪರೇ ಆಗಬೇಕು.

ಆ ಪೇಪರುಗಳಲ್ಲಿ ದಶಕವಿಡೀ ಓದಿದ ಒಂದು ಸುದ್ದಿ ಮಿಲ್ಲುಗಳದು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡಿದ್ದ ಊರು ಇದು. ಪಂಪಾಪತಿಯವರಂಥ ಕಮ್ಯುನಿಸ್ಟ್ ಶಾಸಕರನ್ನು ಮತ್ತೆ ಮತ್ತೆ ಗೆಲ್ಲಿಸಿದ ಕಾರ್ಮಿಕರ ಊರು. ಎಂಬತ್ತು-ತೊಂಬತ್ತರ ದಶಕದಲ್ಲಿ ಮಿಲ್ಲು ಒಂದೊಂದಾಗಿ ಬಾಗಿಲು ಹಾಕಿದವು. ಮಿಲ್ಲಿನ ಸೈರನ್ ಕೇಳಿ ಅಡುಗೆಗೆ ಇಡುತ್ತಿದ್ದ ಮನೆಗಳಲ್ಲಿ ಸೈರನ್ ನಿಂತಿತು. ಕೆಲಸ ಹೋದವರಲ್ಲಿ ಕೆಲವರು ಆಟೊ ಹಿಡಿದರು, ಕೆಲವರು ಮಂಡಕ್ಕಿ ಭಟ್ಟಿಗೆ ಹೋದರು, ಕೆಲವರು ತಳ್ಳುಗಾಡಿಯಲ್ಲಿ ಮಿರ್ಚಿ-ಮಂಡಕ್ಕಿ ಹಾಕಿದರು. 1991ರ ಜುಲೈನಲ್ಲಿ ಮನಮೋಹನ್ ಸಿಂಗ್ ಬಜೆಟ್ ಓದಿ ದೇಶದ ಬಾಗಿಲು ತೆರೆದರು ಅಂತ ಬರೆಯುತ್ತೇವೆ. ನಮ್ಮೂರಿನಲ್ಲಿ ಅದೇ ಕಾಲಕ್ಕೆ ಮುಚ್ಚಿದ ಬಾಗಿಲುಗಳೂ ಇದ್ದವು ಅನ್ನುವುದನ್ನು ಹಾಡಿನ ನೆನಪಿನಲ್ಲಿ ಮರೆಯಬಾರದು. ರಾತ್ರಿಯಿಡೀ ಭಟ್ಟಿಯ ಹೊಗೆಯಲ್ಲಿ ದುಡಿಯುತ್ತಿದ್ದವರ ಪಕ್ಕದಲ್ಲೂ ಒಂದು ಟೇಪ್ ರೆಕಾರ್ಡರ್ ಇರುತ್ತಿತ್ತು, ಮೇಲೆಲ್ಲ ಮಸಿ.

ಸುದ್ದಿಯೂ ಕ್ಯಾಸೆಟ್ಟೂ ನೇರವಾಗಿ ಸೇರಿದ ಜಾಗವೂ ಒಂದಿತ್ತು. ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ' ನಾಟಕದ ಕ್ಯಾಸೆಟ್, ಧೀರೇಂದ್ರ ಗೋಪಾಲ್ ಅವರ ಹಾಸ್ಯದ ಕ್ಯಾಸೆಟ್. ಮಂತ್ರಿಗಳನ್ನು, ಲಂಚವನ್ನು ಹೆಸರು ಹಿಡಿದು ಬೈಯುವುದನ್ನು ರೇಡಿಯೊ ಹಾಕುತ್ತಿರಲಿಲ್ಲ. ಕ್ಯಾಸೆಟ್ ಹಾಕುತ್ತಿತ್ತು. ಚಿಂದೋಡಿ ಮನೆತನದ ಕೆಬಿಆರ್ ನಾಟಕ ಕಂಪನಿಯ ಊರು ನಮ್ಮದು. ನಾಟಕದ ಮಾತು ಅಂದರೆ ಜನಕ್ಕೆ ಮೊದಲೇ ಆಸೆ. ಕಟಿಂಗ್ ಶಾಪಿನಲ್ಲಿ ಹಿರಣ್ಣಯ್ಯ ಕ್ಯಾಸೆಟ್ ಹಾಕಿದರೆ ಕಟಿಂಗ್ ಮುಗಿದವರೂ ಏಳುತ್ತಿರಲಿಲ್ಲ.

1997ರ ಆಗಸ್ಟ್

ನಮ್ಮ ಭಾಗದವರೇ ಆದ ಜೆ.ಎಚ್. ಪಟೇಲರು 1996ರಲ್ಲಿ ಮುಖ್ಯಮಂತ್ರಿಯಾದರು. ದೇವೇಗೌಡರು ಪ್ರಧಾನಿಯಾಗಿ ದೆಹಲಿಗೆ ಹೋದದ್ದರಿಂದ ತೆರವಾದ ಕುರ್ಚಿ ಅದು. ಪಟೇಲರ ಊರು ಚನ್ನಗಿರಿ ತಾಲ್ಲೂಕಿನ ಕಾರಿಗನೂರು. ಅವರ ಸರ್ಕಾರ ಏಳು ಹೊಸ ಜಿಲ್ಲೆ ಮಾಡಿತು, ಅದರಲ್ಲಿ ದಾವಣಗೆರೆಯೂ ಒಂದು. 1997ರ ಆಗಸ್ಟ್ 15ಕ್ಕೆ, ಸ್ವಾತಂತ್ರ್ಯದ ಐವತ್ತನೇ ವರ್ಷಕ್ಕೆ, ನಾವು ಚಿತ್ರದುರ್ಗದಿಂದ ಬೇರೆಯಾದೆವು. ದಾವಣಗೆರೆ, ಹರಿಹರ, ಜಗಳೂರು ದುರ್ಗದಿಂದ ಬಂದವು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ. ಹರಪನಹಳ್ಳಿ ಬಳ್ಳಾರಿಯಿಂದ. ಒಂದು ಸಹಿಗೆ, ಒಂದು ದಾಖಲೆಗೆ ದುರ್ಗಕ್ಕೆ ಬಸ್ಸು ಹಿಡಿಯುವುದು ತಪ್ಪಿತು. ದುರ್ಗದವರಿಗೆ ಬೇಸರವಾಗಿದ್ದೂ ನ್ಯಾಯವೇ. ದುಡಿಯುವ ಊರನ್ನೇ ಕಿತ್ತುಕೊಂಡರು ಅಂತ ಅವರು ಹೇಳುತ್ತಿದ್ದರು. ಆದರೆ ರೇಡಿಯೊ ಬೇರೆಯಾಗಲಿಲ್ಲ. ಹೊಸ ಜಿಲ್ಲೆಯವರೂ 102.6ನ್ನೇ ಕೇಳಿದರು.

ಅದೇ ವಾರ, ಆಗಸ್ಟ್ 12ಕ್ಕೆ, ಮುಂಬೈಯಲ್ಲಿ ಗುಲ್ಶನ್ ಕುಮಾರ್ ಅವರನ್ನು ಗುಂಡಿಟ್ಟು ಕೊಂದರು. ಕ್ಯಾಸೆಟ್ ಅಂಗಡಿಯವರು ಅವತ್ತು ಅದನ್ನೇ ಮಾತಾಡಿದರು. ಹಾಡಿನ ವ್ಯಾಪಾರದಲ್ಲಿ ಎಷ್ಟು ದುಡ್ಡು ಹರಿಯುತ್ತಿದೆ, ಅದರ ಸುತ್ತ ಎಂಥವರು ಬಂದು ನಿಂತಿದ್ದಾರೆ ಅನ್ನುವುದು ನಮ್ಮಂಥ ಸಣ್ಣ ಊರಿನವರಿಗೆ ಮೊದಲ ಸಲ ಗೊತ್ತಾದದ್ದು ಆಗ.

ಬಿಚ್ಚಿಕೊಂಡ ಪರಿ

ಆದರೆ ಗಂಟು ಸಡಿಲವಾಗಲು ಅದಕ್ಕೂ ಮೊದಲೇ ಶುರುವಾಗಿತ್ತು. 1994ರಲ್ಲಿ ಉದಯ ಟಿವಿ ಬಂತು. ಅಲ್ಲಿಯವರೆಗೆ ದೂರದರ್ಶನದಲ್ಲಿ ವಾರಕ್ಕೊಮ್ಮೆ ಸಿಗುತ್ತಿದ್ದ ಚಿತ್ರಗೀತೆ ಈಗ ದಿನವೂ. ಕೇಬಲ್ ವೈರು ತೆಂಗಿನ ಮರದಿಂದ ಮರಕ್ಕೆ, ಮನೆಯಿಂದ ಮನೆಗೆ ಹೋಯಿತು. ಹಾಡು ಕೇಳುವುದಕ್ಕಿಂತ ನೋಡುವುದು ಜಾಸ್ತಿಯಾಯಿತು. ನೋಡಬೇಕೆಂದರೆ ಒಳಗೆ ಕೂರಬೇಕು. ಜಗುಲಿ ಮೇಲೆ ಟೇಪ್ ಇಟ್ಟು ಜೋರು ಮಾಡುವುದು ಕಡಿಮೆಯಾಯಿತು.

ಸುದ್ದಿಯ ಕಡೆಯಿಂದ ತಿರುವು ಅಂತ ನಾನು ಗುರುತಿಸುವುದು 1995ರ ಸೆಪ್ಟೆಂಬರ್ 21. ಗಣಪತಿ ವಿಗ್ರಹ ಹಾಲು ಕುಡಿಯುತ್ತಿದೆ ಅನ್ನೋ ಸುದ್ದಿ ದೆಹಲಿಯಲ್ಲಿ ಹುಟ್ಟಿ ಒಂದೇ ದಿನದಲ್ಲಿ ದೇಶವೆಲ್ಲ ಸುತ್ತಿತು. ಪೇಪರಿಗಿಂತ ಮೊದಲೇ ಸುದ್ದಿ ತಂದದ್ದು ಫೋನು. ಅಷ್ಟು ಹೊತ್ತಿಗೆ ಊರಿನ ಎಲ್ಲ ಸರ್ಕಲ್ಲಿನಲ್ಲೂ ದೂರದ ಊರಿಗೆ ದುಡ್ಡು ಕೊಟ್ಟು ಫೋನ್ ಮಾಡುವ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್ ಬಂದಿತ್ತು. ದೂರದ ನೆಂಟರಿಂದ ಫೋನ್ ಬಂತಂತೆ ಅಂದದ್ದೇ ತಡ, ದೇವಸ್ಥಾನಗಳ ಮುಂದೆ ಲೋಟ ಹಿಡಿದು ಸಾಲು. ಹಾಲು ಕಲ್ಲಿನ ಮೇಲ್ಮೈಯನ್ನು ಹಿಡಿದು ಕೆಳಗೆ ಹರಿಯುತ್ತದೆ, ಅದಕ್ಕೇ ಚಮಚದಿಂದ ಖಾಲಿಯಾದ ಹಾಗೆ ಕಾಣುತ್ತದೆ ಅಂತ ವಿಜ್ಞಾನಿಗಳು ಬಣ್ಣದ ನೀರು ಹಾಕಿ ತೋರಿಸಿದರು. ಅದು ಆಮೇಲೆ ಬಂತು. ಆಕಾಶವಾಣಿಗೂ ಮೊದಲು ಸುದ್ದಿ ಓಡಬಹುದು, 'ರೇಡಿಯೊದಲ್ಲಿ ಬಂತಾ' ಅಂತ ಕೇಳುವ ತಾಳ್ಮೆ ಜನಕ್ಕೆ ಇಲ್ಲದೆ ಹೋಗಬಹುದು ಅಂತ ಅವತ್ತು ಗೊತ್ತಾಯಿತು.

1999ರ ಅಕ್ಟೋಬರ್‌ನಲ್ಲಿ ವಿಜಯ ಕರ್ನಾಟಕ ಕಡಿಮೆ ಬೆಲೆಗೆ ಬಂತು. ಹೋಟೆಲಿನಲ್ಲಿ ಹಾಳೆ ಹಂಚಿಕೊಳ್ಳುತ್ತಿದ್ದವರು ಮನೆಗೇ ತರಿಸಿಕೊಂಡರು. ಓದುವವರ ಸಂಖ್ಯೆ ಹೆಚ್ಚಿತು, ಇದು ಒಳ್ಳೆಯದೇ. ಒಟ್ಟಿಗೆ ಓದುವುದು ಮಾತ್ರ ಕಡಿಮೆಯಾಯಿತು.

ಇಡೀ ಊರು ಒಂದೇ ಸುದ್ದಿಗೆ ಕಿವಿ ಕೊಟ್ಟ ಕೊನೆಯ ದೊಡ್ಡ ಸಂದರ್ಭ ಅಂದರೆ 2000ರ ಜುಲೈ 30. ಗಾಜನೂರಿನ ಮನೆಯಿಂದ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ. ಸೋಮವಾರ ಬೆಳಗ್ಗೆ ಏಳುವಷ್ಟರಲ್ಲಿ ಊರು ಬಂದ್. ಟಾಕೀಸು, ಅಂಗಡಿ, ಬಸ್ಸು ಎಲ್ಲ ನಿಂತವು. 108 ದಿನ. ದೇವಸ್ಥಾನ, ದರ್ಗಾ, ಮಠ ಎಲ್ಲ ಕಡೆ ಹರಕೆ. ಬೀದಿ ಬೀದಿಯಲ್ಲಿ ಅವರ ಫೋಟೊ ಇಟ್ಟು ಅವರದೇ ಭಕ್ತಿಗೀತೆ ಹಾಕಿದರು. ಅಂಗಡಿ ಮುಂದೆ ಟಿವಿ ಇಟ್ಟಲ್ಲೆಲ್ಲ ಜನ. ನವೆಂಬರ್ 15ಕ್ಕೆ ಬಿಡುಗಡೆಯಾದರು ಅಂತ ಗೊತ್ತಾದಾಗ ಪಟಾಕಿ ಹೊಡೆದರು, ಅಪರಿಚಿತರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಮುಂದಿನ ತಿಂಗಳೇ ಈಟಿವಿ ಕನ್ನಡ ಬಂತು. ಆಮೇಲೆ ಸುದ್ದಿಗೆ ಹೊತ್ತುಗೊತ್ತು ಅನ್ನುವುದು ಉಳಿಯಲಿಲ್ಲ.

ಕ್ಯಾಸೆಟ್ ಮುಗಿದದ್ದು ಅದರ ಬೆನ್ನಲ್ಲೇ. ಒಂದು ಎಂಪಿ3 ಸಿಡಿಯಲ್ಲಿ ನೂರಕ್ಕೂ ಹೆಚ್ಚು ಹಾಡು ಹಿಡಿಸುವಾಗ ಆರು ಹಾಡಿಗೆ ಯಾರು ಎರಡು ದಿನ ಕಾಯುತ್ತಾರೆ? ರೆಕಾರ್ಡಿಂಗ್ ಸೆಂಟರಿನವರು ಮೊದಲು ಸಿಡಿ ಬಾಡಿಗೆ ಕೊಟ್ಟರು, ಆಮೇಲೆ ಮೊಬೈಲ್ ರೀಚಾರ್ಜ್ ಮಾಡಿದರು, ಮೆಮೊರಿ ಕಾರ್ಡಿಗೆ ಹಾಡು ಹಾಕಿಕೊಟ್ಟರು. ಆಮೇಲೆ ಅದೂ ಬೇಡವಾಯಿತು.

ಲಹರಿ, ಸಂಗೀತಾ ಕಂಪನಿಯ ಹಾಡುಗಳೆಲ್ಲ ಈಗ ಆನ್‌ಲೈನಿನಲ್ಲಿವೆ. ಅವುಗಳ ಬಗ್ಗೆ ನನಗೆ ಚಿಂತೆ ಇಲ್ಲ. ಚಿಂತೆ ಇರುವುದು ಯಾವ ಕಂಪನಿಯದೂ ಅಲ್ಲದ ಕ್ಯಾಸೆಟ್‌ಗಳದು. ದುರ್ಗಾಂಬಿಕಾ ಜಾತ್ರೆಯಲ್ಲಿ ಯಾರೋ ಟು-ಇನ್-ಒನ್ ಇಟ್ಟು ಹಿಡಿದ ಭಜನೆ, ನಾಟಕ ಕಂಪನಿಯ ಮುಂದಿನ ಸಾಲಿನಲ್ಲಿ ಕೂತು ರೆಕಾರ್ಡ್ ಮಾಡಿದ ರಂಗಗೀತೆ, ಗಣಪತಿ ಪೆಂಡಾಲಿನ ರಸಮಂಜರಿ, ಅಜ್ಜಿ ಹೇಳಿದ ಸೋಬಾನೆ, ಮಿಲ್ ಗೇಟಿನ ಮುಂದಿನ ಭಾಷಣ. ಇವಕ್ಕೆ ಎರಡನೇ ಪ್ರತಿ ಇಲ್ಲ. ಅಟ್ಟದ ಮೇಲೆ, ಟ್ರಂಕಿನಲ್ಲಿ ಬೂಷ್ಟು ಹಿಡಿಯುತ್ತಿವೆ.

ನಿಮ್ಮ ಮನೆಯಲ್ಲಿ ಅಂಥದ್ದು ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ತೆಗೆದ ಕೂಡಲೇ ಟೇಪ್ ರೆಕಾರ್ಡರಿಗೆ ಹಾಕಬೇಡಿ ಕೂಡ. ಮೊದಲು ಕ್ಯಾಸೆಟ್ಟಿನ ಕೆಳಗಡೆ, ಟೇಪು ಹೊರಗೆ ಕಾಣುವ ಅಂಚಿನಲ್ಲಿ ನೋಡಿ, ಮಧ್ಯದಲ್ಲಿ ಟೇಪನ್ನು ಒತ್ತಿ ಹಿಡಿಯುವ ಒಂದು ಪುಟ್ಟ ಬಟ್ಟೆಯ ತುಂಡು ಇರುತ್ತದೆ. ಅದು ಉದುರಿದ್ದರೆ ಧ್ವನಿ ಮಂಕಾಗುತ್ತದೆ, ಹಳೇ ಖಾಲಿ ಕ್ಯಾಸೆಟ್‌ನಿಂದ ತೆಗೆದು ಅಂಟಿಸಬಹುದು. ಪೆನ್ಸಿಲ್ ಹಾಕಿ ನಿಧಾನಕ್ಕೆ ಒಂದು ಸಲ ಪೂರ್ತಿ ಸುತ್ತಿ, ಅಂಟಿಕೊಂಡಿದ್ದ ಸುರುಳಿ ಬಿಡಿಸಿಕೊಳ್ಳುತ್ತದೆ. ಪ್ಲೇಯರಿನ ಹೆಡ್ಡನ್ನು, ಅಂದರೆ ಟೇಪು ತಾಗಿ ಓಡುವ ಲೋಹದ ಭಾಗವನ್ನು, ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ. ಆಮೇಲೆ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ವೈರು ಕೊಟ್ಟು, ಮೊದಲ ಸಲ ಹಾಕುವಾಗಲೇ ರೆಕಾರ್ಡ್ ಮಾಡಿಕೊಳ್ಳಿ. ಹಳೇ ಟೇಪು ಎರಡನೇ ಸಲ ಓಡುತ್ತದೆ ಅಂತ ಗ್ಯಾರಂಟಿ ಇಲ್ಲ. ಫೈಲಿಗೆ ಊರು, ವರ್ಷ, ಹಾಡಿದವರ ಹೆಸರು ಬರೆದಿಡಿ. ಹೆಸರು ಗೊತ್ತಿರುವ ಹಿರಿಯರು ಇನ್ನೂ ಇದ್ದಾರೆ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹಾಕಿ.